ಆ ಗುರುವಾರದ ಮೇಜಿಗೆ ಹೋಗು

ಸೋಮವಾರಪೇಟೆಯ ತಮ್ಮನಿಗೆ,

ನಿನ್ನ ಪತ್ರ ಓದಿದೆ. ಅಣ್ಣಾ ಅಂತ ಕರೆದಿದ್ದೀಯ, ಹಾಗಾಗಿ ನಾನೂ ನೀನು ಅಂತಲೇ ಬರೆಯುತ್ತೇನೆ. ನೀನು ಜರ್ಮನಿಯ ಮ್ಯೂನಿಕ್‌ಗೆ ಹೋಗಿ ಒಂದೆರಡು ತಿಂಗಳಾಗಿದೆ. ಆಫೀಸಿನವರು ಪ್ರತಿ ಗುರುವಾರ ಸಂಜೆ ಒಂದೇ ಹೋಟೆಲಿನ ಒಂದೇ ಮೇಜಿನಲ್ಲಿ ಬಿಯರ್ ಹಿಡಿದು ಕೂರುತ್ತಾರೆ. ನಿನ್ನನ್ನೂ ಕರೆದರು, ಒಂದು ಸಲ ಹೋದೆ. ಅವರು ರಾಜಕೀಯ ಮಾತಾಡಿ ಕಿತ್ತಾಡಿದರು, ನೀನು ನಗುತ್ತಾ ಕೂತಿದ್ದೆ. ಕುಡಿಯುವುದು ಅಷ್ಟಕ್ಕಷ್ಟೇ, ದನದ ಮಾಂಸ ತಿನ್ನಲ್ಲ, ಜರ್ಮನ್ ಅರ್ಧಂಬರ್ಧ. ಮತ್ತೆ ಹೋಗಬೇಕಾ, ಇವರ ಜತೆ ಸ್ನೇಹ ಅಂತ ಆಗುತ್ತಾ, ಇಲ್ಲೇ ಉಳಿದರೆ ನಮ್ಮತನ ಹೋಗಿಬಿಡುತ್ತಾ ಅಂತ ಕೇಳಿದ್ದೀಯ.

ಹೋಗು. ಮುಂದಿನ ಸಲ ನಗುತ್ತಾ ಕೂರಬೇಡ, ಬಾಯಿ ಬಿಡು. ನಾನು ಹೇಳಬೇಕಾದ್ದು ಮುಖ್ಯವಾಗಿ ಇಷ್ಟೇ. ಉಳಿದದ್ದನ್ನು ರಜೆಯಲ್ಲಿದ್ದೇನೆ ಅಂತ ಉದ್ದ ಬರೆಯುತ್ತಿದ್ದೇನೆ. ನಾನೂ ಮ್ಯೂನಿಕ್ಕಿನಲ್ಲಿ ವರ್ಷಗಟ್ಟಲೆ ಅಂಥಾ ಮೇಜಿನಲ್ಲಿ ಕೂತವನು, ಈಗ ಕೊಡಗಿನಲ್ಲಿ ನಾಪೋಕ್ಲು ಹತ್ತಿರದ ನಮ್ಮ ಮನೆಯಲ್ಲಿದ್ದೇನೆ.

ಮೊದಲು ಆ ಮೇಜಿನ ವಿಷಯ. ಅದಕ್ಕೆ ಶ್ಟಾಮ್‌ಟಿಶ್ ಅಂತಾರೆ. ಖಾಯಂ ಗಿರಾಕಿಗಳ ಮೇಜು. ಹೋಟೆಲ್ ಪೂರ್ತಿ ತುಂಬಿದ್ದರೂ ಅದು ಅವರಿಗೇ ಮೀಸಲು. ಮೇಜಿನ ನಡುವೆ ಹಿತ್ತಾಳೆಯದೋ ಕಬ್ಬಿಣದ್ದೋ ಒಂದು ಸಣ್ಣ ಫಲಕ ಇರುತ್ತದೆ. ತಿಳಿಯದೆ ಯಾರಾದರೂ ಬಂದು ಕೂತರೆ ಎಬ್ಬಿಸುತ್ತಾರೆ. ಅಂಥಾ ಕಡೆ ನಿನ್ನನ್ನು ಕರೆದು ಕೂರಿಸಿದ್ದಾರೆ ಅಂದರೆ ಅದು ಉಪಚಾರದ ಮಾತಲ್ಲ. ಆ ಊರಿನಲ್ಲಿ ಸುಮ್ನೆ ಮಾತಿಗೆ ಅಂತ 'ಮನೆಗೆ ಬನ್ನಿ' ಅನ್ನುವವರು ಕಡಿಮೆ. ಕರೆದರೆ ಕರೆದ ಹಾಗೇ.

ತಡವಾಗಿ ಹೋದರೆ ಎಲ್ಲರ ಕೈ ಕುಲುಕುತ್ತಾ ಸುತ್ತಬೇಕಾಗಿಲ್ಲ. ಬೆರಳಿನ ಗೆಣ್ಣಿನಿಂದ ಮೇಜನ್ನು ಎರಡು ಸಲ ಟಕಟಕ ಅನ್ನಿಸಿ ಕೂತುಬಿಡು. ಹೊರಡುವಾಗಲೂ ಹಾಗೇ. ಗ್ಲಾಸು ತಾಗಿಸುವಾಗ ಎದುರಿನವರ ಕಣ್ಣು ನೋಡಬೇಕು, ಇದನ್ನು ಮಾತ್ರ ಮರೆಯಬೇಡ. ನಮ್ಮ ಕಡೆ ಹಿರಿಯರ ಮುಂದೆ ಗ್ಲಾಸು ಎತ್ತುವಾಗ ಕಣ್ಣು ತಗ್ಗಿಸುತ್ತೇವಲ್ಲ, ಅಲ್ಲಿ ಅದು ತಿರುಗುಮುರುಗು. ಗೋಧಿ ಬಿಯರಿನ ಉದ್ದನೆಯ ಗ್ಲಾಸಾದರೆ ಬುಡ ತಾಗಿಸುತ್ತಾರೆ, ಅಲ್ಲಿ ಗಾಜು ದಪ್ಪ.

ಕುಡಿಯಲ್ಲ ಅನ್ನುವುದು ಅಲ್ಲಿ ಸಮಸ್ಯೆಯೇ ಅಲ್ಲ. ಆಲ್ಕೋಹಾಲ್ ಇಲ್ಲದ ಬಿಯರ್ ಎಲ್ಲಾ ಕಡೆ ಸಿಗುತ್ತದೆ, ಅದೇ ಗ್ಲಾಸಿನಲ್ಲಿ ಕೊಡುತ್ತಾರೆ. ಅರ್ಧ ಬಿಯರ್, ಅರ್ಧ ನಿಂಬೆ ಸೋಡಾ ಸೇರಿಸಿದ ರಾಡ್ಲರ್ ಇದೆ. ಸೇಬಿನ ರಸಕ್ಕೆ ಸೋಡಾ ಬೆರೆಸಿದ್ದೂ ಇದೆ. 'ಒಂದೇ ಒಂದು ಹಾಕು ಮಾರಾಯಾ' ಅಂತ ಯಾರೂ ಬಲವಂತ ಮಾಡಲ್ಲ. ಆ ವಿಷಯದಲ್ಲಿ ನಮ್ಮ ಮದುವೆ ಮನೆಗಳಿಗಿಂತ ಅದೇ ವಾಸಿ ಅಂತ ನನಗನ್ನಿಸುತ್ತದೆ.

ತಿನ್ನುವುದಕ್ಕೆ ಕೊಡಗಿನವನಿಗೆ ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ಚಿಂತೆ ಬೇಡ. ಹಂದಿ ಎಲ್ಲೆಲ್ಲೂ ಇದೆ. ಆದರೆ ಬೆಳಗ್ಗೆ ತಿನ್ನುವ ಬಿಳಿ ಸಾಸೇಜಿಗೆ ಕರುವಿನ ಮಾಂಸ ಹಾಕುತ್ತಾರೆ, ಕೇಳಿ ತಿನ್ನು. ಇನ್ನೊಂದು ಮಜಾ ಕೇಳು. ಅಲ್ಲಿನ ಹಳೇ ಬಿಯರ್ ತೋಟಗಳಿಗೆ ಊಟ ಮನೆಯಿಂದಲೇ ಕಟ್ಟಿಕೊಂಡು ಹೋಗಬಹುದು, ಕುಡಿಯುವುದನ್ನು ಮಾತ್ರ ಅಲ್ಲೇ ಕೊಳ್ಳಬೇಕು. 1812ರಲ್ಲಿ ಅಲ್ಲಿನ ರಾಜ ಬಿಯರ್ ತಯಾರಿಸುವವರಿಗೆ ತಮ್ಮ ನೆಲಮಾಳಿಗೆಯ ಹತ್ತಿರ ಬಿಯರ್ ಮಾರಲು ಬಿಟ್ಟ. ಊಟ ಮಾರಬೇಡಿ ಅಂದ, ಹೋಟೆಲಿನವರ ಹೊಟ್ಟೆ ಮೇಲೆ ಹೊಡೆದ ಹಾಗಾಗಬಾರದು ಅಂತ. ಜನ ಬುತ್ತಿ ತರಲು ಶುರು ಮಾಡಿದರು. ಆ ಪದ್ಧತಿ ಹಾಗೇ ಉಳಿದಿದೆ. ಬಟ್ಟೆ ಹಾಸಿದ ಮೇಜು ಬಿಟ್ಟು ಬರೀ ಮರದ ಮೇಜಿಗೆ ಹೋಗಿ ಡಬ್ಬಿ ಬಿಚ್ಚು. ನಾನು ಒಂದು ಭಾನುವಾರ ಪಂದಿಕರಿ, ಕಡಂಬಿಟ್ಟು ತೆಗೆದುಕೊಂಡು ಹೋಗಿದ್ದೆ. ಕರಿಗೆ ಹಾಕುವ ನಮ್ಮ ಹುಳಿ, ಕಾಚಂಪುಳಿಯ ಕಪ್ಪು ಬಣ್ಣ ನೋಡಿ ಮೊದಲು ಯಾರೂ ಮುಟ್ಟಲಿಲ್ಲ. ಒಬ್ಬಳು ಮುದುಕಿ ಬ್ರೆಡ್ಡಿನ ತುಂಡನ್ನು ಅದರ ಗ್ರೇವಿಯಲ್ಲಿ ಅದ್ದಿ ತಿಂದು, ಏನೂ ಹೇಳದೆ ಡಬ್ಬಿಯನ್ನೇ ತನ್ನ ಕಡೆ ಎಳೆದುಕೊಂಡಳು. ಕಡಂಬಿಟ್ಟು ನೋಡಿ ಅವರಿಗೆ ಆಶ್ಚರ್ಯವೇ ಆಗಲಿಲ್ಲ, ಯಾಕಂದರೆ ಹಂದಿ ಮಾಂಸದ ಜತೆ ಉಂಡೆ ತಿನ್ನುವುದು ಅವರ ಅಭ್ಯಾಸವೂ ಹೌದು. ಅವರದ್ದು ಆಲೂಗಡ್ಡೆದು, ನಮ್ಮದು ಅಕ್ಕಿ ತರಿದು.

ಈಗ ಮಾತಿನ ವಿಷಯಕ್ಕೆ ಬರೋಣ. ನೀನು ಎಡವುತ್ತಿರುವುದು ಇಲ್ಲೇ.

ನಾವು ಹಿರಿಯರ ಮುಂದೆ ಎದುರು ಮಾತಾಡಬಾರದು ಅಂತ ಕಲಿತು ಬೆಳೆದವರು. ಯಾರಾದರೂ ಏನಾದರೂ ಹೇಳಿದರೆ ಕೋಲೆಬಸವನ ಹಾಗೆ ತಲೆ ಆಡಿಸುತ್ತೇವೆ. ಅದು ನಮಗೆ ಮರ್ಯಾದೆ. ಆ ಮೇಜಿನಲ್ಲಿ ಅದಕ್ಕೆ ಬೇರೆ ಅರ್ಥ. ಇವನಿಗೆ ಹೇಳಲು ಏನೂ ಇಲ್ಲ, ಅಥವಾ ಇವನು ಮನಸ್ಸಿನಲ್ಲಿರುವುದನ್ನು ಹೇಳಲ್ಲ ಅಂತ ತಿಳಿಯುತ್ತಾರೆ. ಎರಡು ಮೂರು ವಾರ ನೋಡಿ ನಿನ್ನನ್ನು ಕೇಳುವುದನ್ನೇ ಬಿಡುತ್ತಾರೆ. 'ನೀನು ಹೇಳಿದ್ದು ಸರಿಯಲ್ಲ, ಯಾಕಂದರೆ...' ಅಂತ ಶುರು ಮಾಡು. ಮುಖ ಕೆಂಪಗೆ ಮಾಡಿಕೊಂಡು ವಾದಿಸುತ್ತಾರೆ. ಅರ್ಧ ಗಂಟೆ ಕಳೆದ ಮೇಲೆ ಅದೇ ಮನುಷ್ಯ ನಿನ್ನ ಹೆಗಲ ಮೇಲೆ ಕೈ ಹಾಕಿ ಕೊನೇ ರೈಲು ಎಷ್ಟು ಹೊತ್ತಿಗೆ ಅಂತ ಕೇಳುತ್ತಾನೆ. ನಮ್ಮಲ್ಲಾದರೆ ಅಷ್ಟು ಜಗಳಕ್ಕೆ ಎರಡು ವರ್ಷ ಮಾತು ಬಿಡುವವರಿದ್ದಾರೆ, ಅಲ್ವಾ?

ನಿನ್ನೆ ರಾತ್ರಿ ಇಲ್ಲಿ ನಮ್ಮ ಜಗಲಿಯಲ್ಲೂ ಇದೇ ನಡೆಯಿತು. ಹಳೇ ಗೆಳೆಯರು ನಾಲ್ಕೈದು ಜನ ಬಂದಿದ್ದರು. ಒಬ್ಬ ಸೈನ್ಯದಿಂದ ನಿವೃತ್ತ, ಕ್ಯಾಂಟೀನ್ ರಮ್ ಅವನ ಪಾಲು. ಉಳಿದವರಿಗೆ ಬಿಯರ್. ಆನೆ ತೋಟಕ್ಕೆ ನುಗ್ಗಿದ್ದರಿಂದ ಶುರುವಾಗಿ, ಕಾಫಿ ಕೊಯ್ಯಲು ಅಸ್ಸಾಂನವರನ್ನೇ ನಂಬಬೇಕಾಗಿದೆ ಅನ್ನುವುದಕ್ಕೆ ಬಂತು. ಅಲ್ಲಿಂದ ಹೋಮ್‌ಸ್ಟೇ. ಒಬ್ಬನ ಜೀವನ ಅದರಲ್ಲೇ ನಡೆಯುತ್ತಿದೆ. ಇನ್ನೊಬ್ಬ ಅವನ ಮುಖಕ್ಕೇ, ಗುಡ್ಡ ಕಡಿದು ಕಟ್ಟಿದವರಿಂದಲೇ 2018ರ ಆಗಸ್ಟಿನ ಭೂಕುಸಿತ ಆಯಿತು ಅಂದ. ಮಕ್ಕಂದೂರು, ಜೋಡುಪಾಲ ಅಂತ ಹೆಸರು ಬಂದ ಕೂಡಲೇ ಎಲ್ಲರೂ ಒಂದು ಕ್ಷಣ ಸುಮ್ಮನಾದರು. ಹೋಮ್‌ಸ್ಟೇಯವನು, 'ಆ ವರ್ಷ ಸುರಿದ ಮಳೆ ಯಾರ ಗುಡ್ಡ ಅಂತ ಕೇಳಿ ಸುರಿಯಿತಾ?' ಅಂದ. ಆಮೇಲೆ ಮದುವೆಯಲ್ಲಿ ಕೇಕ್ ಕತ್ತರಿಸುವುದು, ಶಾಂಪೇನ್ ಹಾರಿಸುವುದು ನಮ್ಮ ಪದ್ಧತಿಯಾ ಅನ್ನುವ ಹಳೇ ರಾಗ. ಹೋಮ್‌ಸ್ಟೇ ಜಗಳದಲ್ಲಿ ಇಬ್ಬರೂ ತಪ್ಪಲ್ಲ ಅಂತ ನನಗನ್ನಿಸಿತು. ಆದರೆ ಹಾಗಂತ ಹೇಳಿದ್ದಕ್ಕೆ ಇಬ್ಬರ ಕೈಲೂ ಬೈಸಿಕೊಂಡೆ. ಅಷ್ಟು ವರ್ಷ ಆ ಮೇಜಿನಲ್ಲಿ ಕೂತದ್ದಕ್ಕೋ ಏನೋ, ಬೈಸಿಕೊಂಡದ್ದು ನೋಯಲಿಲ್ಲ.

ಮ್ಯೂನಿಕ್ ಮೇಜಿನ ಪಟ್ಟಿಯೂ ಇದಕ್ಕಿಂತ ಬಹಳ ಬೇರೆ ಏನಲ್ಲ. ಮನೆ ಬಾಡಿಗೆ, ಲೇಟಾದ ರೈಲು, ಪಿಂಚಣಿ, ವಲಸಿಗರು. 2011ರಲ್ಲಿ ನಿಲ್ಲಿಸಿದ ಕಡ್ಡಾಯ ಸೈನ್ಯ ಸೇವೆ ಮತ್ತೆ ಬೇಕಾ ಅಂತ ಈಚೆಗೆ ಜೋರು ಚರ್ಚೆ. ಅಲ್ಲಿ ನೀನು ಹೇಳುವುದಕ್ಕೆ ಬೇಕಾದಷ್ಟಿದೆ. 1949ರಲ್ಲಿ ಭಾರತದ ಸೈನ್ಯಕ್ಕೆ ಮೊದಲ ಭಾರತೀಯ ದಂಡನಾಯಕನಾದ ಕಾರ್ಯಪ್ಪ ಕೊಡಗಿನವರು, 1957ರಲ್ಲಿ ಸೈನ್ಯದ ಮುಖ್ಯಸ್ಥರಾದ ತಿಮ್ಮಯ್ಯ ಕೊಡಗಿನವರು. ಯಾರ ಒತ್ತಾಯವೂ ಇಲ್ಲದೆ ಮನೆ ಮನೆಯಿಂದ ಸೈನ್ಯಕ್ಕೆ ಹೋಗುವ ಜಿಲ್ಲೆಯೊಂದು ಇದೆ ಅಂದಾಗ ಅವರು ನಿಜಕ್ಕೂ ಕಿವಿ ಕೊಟ್ಟು ಕೇಳಿದ್ದಾರೆ.

ಸಂಪ್ರದಾಯದ ಮಾತು ಬಂದರೆ ಇನ್ನೂ ಸುಲಭ. ಬವೇರಿಯಾದಲ್ಲಿ ಮೇ 1ಕ್ಕೆ ಊರ ನಡುವೆ ಉದ್ದನೆಯ ಕಂಬ ನಿಲ್ಲಿಸುತ್ತಾರೆ. ಅದಕ್ಕೆ ಮುಂಚೆ ಪಕ್ಕದ ಊರಿನ ಹುಡುಗರು ರಾತ್ರಿ ಬಂದು ಅದನ್ನು ಕದ್ದೊಯ್ಯಬಹುದು. ಕದ್ದರೆ ಪೊಲೀಸ್ ಕೇಸಿಲ್ಲ, ಬಿಯರು ಊಟ ಕೊಟ್ಟು ಬಿಡಿಸಿಕೊಳ್ಳಬೇಕು. ಅದಕ್ಕೆ ಹುಡುಗರು ರಾತ್ರಿಯಿಡೀ ಕಂಬ ಕಾಯುತ್ತಾರೆ. ಊರೂರಿಗೂ ಗುಂಡು ಹೊಡೆಯುವವರ ಸಂಘ ಇದೆ, ವರ್ಷಕ್ಕೊಮ್ಮೆ ಗುರಿ ಹೊಡೆದು ಗೆದ್ದವನನ್ನು ರಾಜ ಅಂತ ಮೆರೆಸುತ್ತಾರೆ. ನಾನು ನಮ್ಮ ಕೈಲು ಮುಹೂರ್ತದ ಹಬ್ಬದಲ್ಲಿ ಕೋವಿಗೆ ಪೂಜೆ ಮಾಡಿ, ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ ಅಂದಾಗ ಅಂಥಾ ಸಂಘದವನೊಬ್ಬ ಕುರ್ಚಿ ಎಳೆದುಕೊಂಡು ಹತ್ತಿರ ಬಂದ. ದೂರ ಎಷ್ಟು, ಕೋವಿ ಯಾವುದು, ಹೆಂಗಸರೂ ಹೊಡೆಯುತ್ತಾರಾ, ಲೈಸೆನ್ಸ್ ಹೇಗೆ ಅಂತ ಪ್ರಶ್ನೆ ಮೇಲೆ ಪ್ರಶ್ನೆ. ಕೊಡವರಿಗೆ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಹಿಡುವಳಿಯವರಿಗೆ ಲೈಸೆನ್ಸ್ ವಿನಾಯಿತಿ ಇದೆ ಅಂದಾಗ ಅವನ ಮುಖ ನೋಡಬೇಕಿತ್ತು. ಅವನು ಪ್ರತಿ ಕಾಗದಕ್ಕೂ ಕಚೇರಿ ಸುತ್ತಿದವನು.

ಹಾಕಿಯಲ್ಲಿ ಮಾತ್ರ ನನ್ನ ಲೆಕ್ಕ ತಪ್ಪಿತು. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪ ಶುರು ಮಾಡಿದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಗೆ ಈಗ ನೂರಾರು ಮನೆತನಗಳ ತಂಡ ಬರುತ್ತವೆ ಅಂತ ಉತ್ಸಾಹದಿಂದ ಹೇಳಿದೆ. 2023ರ ಜನವರಿಯಲ್ಲಿ ಭುವನೇಶ್ವರದಲ್ಲಿ ಜರ್ಮನಿಯೇ ವಿಶ್ವಕಪ್ ಗೆದ್ದದ್ದು ಅಂತಲೂ ಸೇರಿಸಿದೆ. ಮೇಜಿನ ಅರ್ಧ ಜನಕ್ಕೆ ಅದು ಗೊತ್ತೇ ಇರಲಿಲ್ಲ. ಫುಟ್‌ಬಾಲ್ ಬಿಟ್ಟರೆ ಅವರಿಗೆ ಬೇರೆ ಆಟವಿಲ್ಲ.

ಇನ್ನೊಂದು ಸಲ ಹರ್ಮನ್ ಮೋಗ್ಲಿಂಗ್ ಕತೆ ಹೇಳಿದೆ. 1843ರಲ್ಲಿ ಮಂಗಳೂರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದವನು, ಆಮೇಲೆ ನಮ್ಮ ಕೊಡಗಿಗೂ ಬಂದು ನೆಲೆಸಿದವನು, ನಿಮ್ಮ ದೇಶದವನೇ ಅಂದೆ. ಎಲ್ಲಿಯವನು ಅಂತ ಕೇಳಿದರು. ವುರ್ಟೆಂಬರ್ಗ್ ಅಂದೆ. 'ಓ, ಶ್ವಾಬಿಯದವನು! ಹಾಗಾದರೆ ನಮ್ಮವನಲ್ಲ' ಅಂತ ಎಲ್ಲರೂ ನಕ್ಕರು. ಮಡಿಕೇರಿಯವರು ಗಡಿಯಾಚೆ ಸುಳ್ಯದವರನ್ನು ರೇಗಿಸುವ ಹಾಗೆ ಅವರೂ ಪಕ್ಕದವರನ್ನು ಬಿಡಲ್ಲ.

ಕಷ್ಟದ ಪ್ರಶ್ನೆಗಳೂ ಬರುತ್ತವೆ. ಜಾತಿ ಬಗ್ಗೆ ಕೇಳೇ ಕೇಳುತ್ತಾರೆ. 'ಈಗ ಅದೆಲ್ಲಾ ಇಲ್ಲ' ಅಂತ ಹೇಳಿ ಜಾರಿಕೊಳ್ಳಬೇಡ. ನಮ್ಮ ತೋಟದ ಲೈನ್ ಮನೆಗಳಲ್ಲಿ, ಅಂದರೆ ಕೂಲಿಯವರ ಸಾಲು ಮನೆಗಳಲ್ಲಿ, ಯಾರು ಇದ್ದಾರೆ, ಬಂಗಲೆಯಲ್ಲಿ ಯಾರು ಇದ್ದಾರೆ ಅಂತ ನಿನಗೂ ಗೊತ್ತು ನನಗೂ ಗೊತ್ತು. 2016ರ ಡಿಸೆಂಬರಿನಲ್ಲಿ ನಮ್ಮ ಜಿಲ್ಲೆಯ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲು ಕೆಡವಿದ್ದು ಎಲ್ಲೋ ದೂರದ ಕತೆಯಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳು. ದೇಶದ ಮಾನ ಕಾಪಾಡುವ ಗುತ್ತಿಗೆ ನಿನಗೆ ಯಾರೂ ಕೊಟ್ಟಿಲ್ಲ. ಅವರು ತಮ್ಮ ಅಜ್ಜಂದಿರ ಕಾಲದ, ಅಂದರೆ ಹಿಟ್ಲರ್ ಕಾಲದ ಬಗ್ಗೆ ಮಾತಾಡುವಾಗ ಮುಚ್ಚುಮರೆ ಮಾಡಲ್ಲ, ನಿನ್ನಿಂದಲೂ ಅದನ್ನೇ ನಿರೀಕ್ಷಿಸುತ್ತಾರೆ.

ವಲಸಿಗರ ಮಾತು ಬಂದಾಗ ಯಾರಾದರೂ ಒರಟಾಗಿ ಏನಾದರೂ ಅಂದು, 'ನಿನ್ನ ಬಗ್ಗೆ ಅಲ್ಲ, ನೀನು ಬೇರೆ' ಅನ್ನಬಹುದು. ಅದನ್ನು ಹೊಗಳಿಕೆ ಅಂತ ತೆಗೆದುಕೊಳ್ಳಬೇಡ. 'ಹಾಗಾದರೆ ಯಾರ ಬಗ್ಗೆ?' ಅಂತ ನೇರ ಕೇಳು. ಸಾಮಾನ್ಯವಾಗಿ ಅಲ್ಲಿಗೆ ತಣ್ಣಗಾಗುತ್ತದೆ, ಪಕ್ಕದವರೇ ನಿನ್ನ ಪರ ನಿಲ್ಲುತ್ತಾರೆ. ತಣ್ಣಗಾಗದೆ ವಾರ ವಾರವೂ ಅದೇ ಆದರೆ ಎದ್ದು ಬಾ. ಆ ಊರಲ್ಲಿ ಮೇಜಿಗೇನು ಬರವಿಲ್ಲ.

ಭಾಷೆ ಮಾತ್ರ ಕಲಿಯಲೇಬೇಕು. ಆಫೀಸಿನಲ್ಲಿ ಇಂಗ್ಲಿಷ್ ಸಾಕಾಗುತ್ತದೆ, ಮೇಜಿನಲ್ಲಿ ಸಾಕಾಗಲ್ಲ. ನಿನಗೋಸ್ಕರ ಹತ್ತು ನಿಮಿಷ ಇಂಗ್ಲಿಷ್ ಮಾತಾಡುತ್ತಾರೆ, ಜೋಕ್ ಬಂದ ಕೂಡಲೇ ತಮ್ಮ ಹಳ್ಳಿ ಜರ್ಮನ್‌ಗೆ ಹಾರುತ್ತಾರೆ. ತರಗತಿಯಲ್ಲಿ ಕಲಿತದ್ದಕ್ಕೂ ಅದಕ್ಕೂ ಸಂಬಂಧವೇ ಇಲ್ಲ ಅನ್ನಿಸುತ್ತದೆ. ನೀನು ಕೊಡಗಿನಲ್ಲಿ ಬೆಳೆದವನು. ಒಂದೇ ಬಸ್ಸಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಕನ್ನಡ ಕೇಳಿದ ಕಿವಿ ಅದು. ತಪ್ಪು ತಪ್ಪಾಗಿ ಮಾತಾಡಲು ನಾಚಿಕೆ ಯಾಕೆ?

ನಮ್ಮತನದ ಪ್ರಶ್ನೆ. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ಸಿಗಲ್ಲ, ಅದು ನಿಜ. ಮ್ಯೂನಿಕ್ಕಿನಲ್ಲಿ ಕನ್ನಡದವರು ಸೇರುತ್ತಾರೆ, ಅಲ್ಲಿಗೂ ಹೋಗು. ಆದರೆ ಅದೊಂದೇ ಆದರೆ ಮೂರು ವರ್ಷ ಕಳೆದರೂ ನಿನಗೆ ಆ ಊರಿನ ಒಬ್ಬ ಮನುಷ್ಯನ ಮನೆಯೂ ಗೊತ್ತಿರಲ್ಲ. ಅಂಥವರನ್ನು ಬಹಳ ನೋಡಿದ್ದೇನೆ.

ಪಾಸ್‌ಪೋರ್ಟ್ ಬಗ್ಗೆ ಕೊನೆಯಲ್ಲಿ ಕೇಳಿದ್ದೀಯ, ಈಗಲೇ ತಲೆ ಕೆಡಿಸಿಕೊಳ್ಳಬೇಡ. 2024ರ ಜೂನ್ 27ರಿಂದ ಜರ್ಮನಿ ಅಲ್ಲಿ 5 ವರ್ಷ ಇದ್ದವರಿಗೆ ಪೌರತ್ವ ಕೊಡುತ್ತದೆ, ಹಳೆಯದನ್ನು ಬಿಡು ಅನ್ನುವುದಿಲ್ಲ. ಆದರೆ ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ತೆಗೆದುಕೊಂಡರೆ ಇಲ್ಲಿಯದು ಹೋಗುತ್ತದೆ, ವಿದೇಶಿ ಪೌರತ್ವ ಪಡೆದ ಭಾರತ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಪಡೆಯಬಹುದು. ಒಸಿಐಯವರು ಕೃಷಿ ಜಮೀನು, ತೋಟ ಕೊಳ್ಳುವ ಹಾಗಿಲ್ಲ. ಪಿತ್ರಾರ್ಜಿತವಾಗಿ ಬರುವುದಕ್ಕೆ ಅಡ್ಡಿಯಿಲ್ಲ. ನಿಮ್ಮ ಮನೆಯಲ್ಲಿ ತೋಟ ಇದ್ದರೆ ಅಪ್ಪನ ಹತ್ತಿರ ಕೂತು ಇದನ್ನು ಮಾತಾಡದೆ ಯಾವ ಅರ್ಜಿಗೂ ಸಹಿ ಹಾಕಬೇಡ.

ಗುರುವಾರ ಹೋಗುವಾಗ ಕೈಯಲ್ಲಿ ಸ್ವಲ್ಪ ನಗದು ಇರಲಿ, ಕೆಲವು ಹಳೇ ಹೋಟೆಲಿನಲ್ಲಿ ಕಾರ್ಡ್ ನಡೆಯಲ್ಲ. ಕುಡಿದರೆ ಸೈಕಲ್ಲೂ ಬೇಡ. ಜಾಸ್ತಿ ಕುಡಿದು ಸೈಕಲ್ ತುಳಿದರೆ ಅಲ್ಲಿ ಅದೂ ಅಪರಾಧವೇ. ಬಿಲ್ಲು ಅವರವರದ್ದು ಅವರವರೇ ಕೊಡುತ್ತಾರೆ. 'ಇವತ್ತು ನಂದು, ನಂದು' ಅಂತ ನಮ್ಮ ಹಾಗೆ ಪರ್ಸಿಗಾಗಿ ಕುಸ್ತಿ ಇಲ್ಲ. ಹುಟ್ಟುಹಬ್ಬದ ದಿನ ಮಾತ್ರ ಬೇರೆ: ಹುಟ್ಟಿದವನೇ ಎಲ್ಲರಿಗೂ ಕೊಡಿಸಬೇಕು. ನಿನ್ನದು ಯಾವಾಗ ಅಂತ ಕೇಳಿದರೆ ಸಂಬಳ ಆಗುವ ವಾರದ ಲೆಕ್ಕ ಹಾಕಿ ಹೇಳು.