ರೋಮ್‌ನಲ್ಲಿ ಮೂರು ದಿನ

ಪ್ರಶ್ನೆ: ನಾನು, ನನ್ನ ಹೆಂಡತಿ ಶನಿವಾರ ರೋಮ್ ತಲುಪಿ ಮಂಗಳವಾರ ಹೊರಡುತ್ತೇವೆ. ವ್ಯಾಟಿಕನ್ ಮ್ಯೂಸಿಯಂಗೆ ಭಾನುವಾರ ಇಟ್ಟುಕೊಂಡಿದ್ದೇವೆ. ಅವಳಿಗೆ ಮಂಡಿನೋವು, ಸೇಂಟ್ ಪೀಟರ್ಸ್ ಗುಮ್ಮಟ ಹತ್ತಬಹುದೇ? ಇಬ್ಬರೂ ಸಸ್ಯಾಹಾರಿಗಳು.
— ಓದುಗರೊಬ್ಬರು, ಡೊಂಬಿವಲಿ

ಉತ್ತರ: ಮೊದಲು ಆ ಭಾನುವಾರ ಬದಲಿಸಿ. ಮ್ಯೂಸಿಯಂಗೆ ಅಂದು ರಜೆ. ತಿಂಗಳ ಕೊನೆಯ ಭಾನುವಾರ ಮಾತ್ರ ಉಚಿತವಾಗಿ ತೆರೆಯುತ್ತದೆ, ಆದರೆ ಮಂಡಿನೋವಿನವರು ನಿಲ್ಲುವಂಥ ಸಾಲಲ್ಲ ಅದು. ಸೋಮವಾರಕ್ಕೆ ಬುಕ್ ಮಾಡಿ, ಭಾನುವಾರ ಕೊಲೋಸಿಯಂ ನೋಡಿ. ಅದರ ಟಿಕೆಟ್‌ನಲ್ಲೇ ರೋಮನ್ ಫೋರಂ ಕೂಡ ಸೇರಿದೆ. ಟಿಕೆಟ್‌ನಲ್ಲಿ ಹೆಸರು ಪಾಸ್‌ಪೋರ್ಟ್‌ನಲ್ಲಿರುವಂತೆಯೇ ಇರಲಿ.

ಗುಮ್ಮಟಕ್ಕೆ ಒಟ್ಟು 551 ಮೆಟ್ಟಿಲು. ಲಿಫ್ಟ್ ಇದೆ ಎಂದು ನಂಬಿ ಹೊರಟವರು ಮೋಸಹೋಗುವುದು ಇಲ್ಲೇ: ಅದು ತಾರಸಿಯವರೆಗೆ ಮಾತ್ರ, ಮುಂದೆ ಇನ್ನೂ 320 ಮೆಟ್ಟಿಲು ಉಳಿದಿರುತ್ತವೆ. ಮೇಲೆ ಹೋದಂತೆ ದಾರಿ ಕಿರಿದಾಗುತ್ತದೆ, ಗುಮ್ಮಟ ಬಾಗಿದಂತೆ ಗೋಡೆಯೂ ವಾಲುತ್ತದೆ, ಮೈ ಓರೆ ಮಾಡಿಕೊಂಡೇ ಹತ್ತಬೇಕು. ಹಿಂದೆ ಜನ ಬರುತ್ತಿರುವಾಗ ನಡುವೆ ತಿರುಗಿ ಇಳಿಯುವುದೂ ಕಷ್ಟ. ನಿಮ್ಮ ಮನೆಯವರು ತಾರಸಿಯಲ್ಲೇ ನಿಲ್ಲಲಿ. ಚರ್ಚಿನೊಳಗೆ ಭುಜ, ಮಂಡಿ ಮುಚ್ಚಿರಬೇಕು. ಸೀರೆಗೆ ತೋಳಿನ ರವಿಕೆ ಇದ್ದರಾಯಿತು.

ಊಟದಲ್ಲಿ ಚೀಸ್ ಬಗ್ಗೆ ಎಚ್ಚರ. ಪೆಕೊರಿನೊ ರೊಮಾನೊ ಚೀಸ್‌ಗೆ ಹಾಲು ಒಡೆಸುವುದು ಕುರಿಮರಿಯ ಜಠರದಿಂದ ತೆಗೆದ ರೆನೆಟ್‌ನಿಂದ. ಅದು ಬೇಡವಾದರೆ ಮರಿನಾರಾ ಪಿಜ್ಜಾ ಕೇಳಿ: ಟೊಮೆಟೊ, ಬೆಳ್ಳುಳ್ಳಿ, ಒರಿಗಾನೊ, ಎಣ್ಣೆ, ಅಷ್ಟೇ.

ನೀರಿನ ಬಾಟಲಿ ಕೊಳ್ಳಬೇಡಿ. ಬೀದಿಬೀದಿಯಲ್ಲಿ ಎರಕದ ಕಬ್ಬಿಣದ ಕುಡಿಯುವ ನೀರಿನ ನಲ್ಲಿಗಳಿವೆ. ಬಾಯಿಗೆ ಬೆರಳು ಒತ್ತಿದರೆ ಮೇಲಿನ ಸಣ್ಣ ತೂತಿನಿಂದ ನೀರು ಚಿಮ್ಮುತ್ತದೆ. ಮೆಟ್ರೊದಲ್ಲಿ, ಬೆಳಗಿನ ಲೋಕಲ್‌ನಲ್ಲಿ ಮಾಡುವಂತೆ, ಚೀಲ ಎದೆಗೆ ಹಾಕಿಕೊಳ್ಳಿ.