ಹೋಟೆಲ್ ಅಂಗಳಕ್ಕೆ ನಾಯಿ ಬಿಡಬಹುದೇ?

ಸಾಕುಪ್ರಾಣಿ ಪ್ರಶ್ನೋತ್ತರ
ಉತ್ತರ: ಶಿವಮೊಗ್ಗದ ನಿವೃತ್ತ ಪಶುವೈದ್ಯರಿಂದ

ಪ್ರಶ್ನೆ: ಆಗುಂಬೆ ದಾರಿಯಲ್ಲಿ ನಮ್ಮದೊಂದು ಸಣ್ಣ ಹೋಟೆಲಿದೆ. ಮುಂದಿನ ಅಂಗಳಕ್ಕೆ ಶೀಟು ಹೊದಿಸಿ ನಾಲ್ಕು ಟೇಬಲ್ ಹಾಕಿದ್ದೇವೆ. ಶನಿವಾರ, ಭಾನುವಾರ ಬೆಂಗಳೂರಿನ ಕಾರುಗಳಲ್ಲಿ ನಾಯಿಗಳೂ ಬಂದಿಳಿಯುತ್ತವೆ. ಬೇಡ ಅಂದರೆ ಗಿರಾಕಿ ಮುಂದಿನ ಹೋಟೆಲಿಗೆ ಹೋಗುತ್ತಾರೆ. ಸರಿ ಅಂದರೆ ದಿನಾ ಬರುವ ಊರಿನವರು ಮುಖ ಸಿಂಡರಿಸುತ್ತಾರೆ. ಜಾಗ ನನ್ನದು, ವ್ಯಾಪಾರ ನನ್ನದು. ಬಿಡುವುದು, ಬಿಡದಿರುವುದು ನನ್ನಿಷ್ಟ ಅಲ್ಲವೇ ಡಾಕ್ಟ್ರೇ?
– ಹೋಟೆಲ್ ಮಾಲೀಕರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನಿಮ್ಮಿಷ್ಟವೇ ಆಗಬೇಕು ಅನ್ನುವವರ ಪೈಕಿ ನಾನೂ ಒಬ್ಬ. ಆದರೆ ಕಾನೂನಿನಲ್ಲಿ ಸದ್ಯಕ್ಕೆ ಹಾಗಿಲ್ಲ. ಆಹಾರ ಸುರಕ್ಷತೆ ಕಾಯ್ದೆ ಬಂದದ್ದು 2006ರಲ್ಲಿ. ಅದರಡಿ 2011ರಲ್ಲಿ ಬಂದ ಲೈಸೆನ್ಸ್ ನಿಯಮಗಳ ನಾಲ್ಕನೇ ಅನುಸೂಚಿ, ಪ್ರಾಣಿ, ಪಕ್ಷಿ, ಸಾಕುಪ್ರಾಣಿ ಯಾವುದನ್ನೂ ಹೋಟೆಲಿನ ಆವರಣಕ್ಕೆ ಬಿಡಬಾರದು ಅನ್ನುತ್ತದೆ. ಅಡುಗೆಮನೆ ಬೇರೆ, ಅಂಗಳ ಬೇರೆ ಎಂಬ ಭೇದ ಅಲ್ಲಿಲ್ಲ. ಮೊದಲು ಆಹಾರ ಸುರಕ್ಷತಾಧಿಕಾರಿಗೆ ಒಂದು ಅರ್ಜಿ ಕೊಟ್ಟು ಲಿಖಿತ ಉತ್ತರ ತೆಗೆದಿಟ್ಟುಕೊಳ್ಳಿ. ಯಾರೋ ಫೋಟೊ ಹೊಡೆದು ದೂರು ಕೊಟ್ಟ ಮೇಲೆ ಕಚೇರಿಗೆ ಅಲೆಯುವ ಕೆಲಸ ತಪ್ಪುತ್ತದೆ.

ಈ ಭೇದ ಮಾಡಲಾಗದ್ದೇನಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2015ರ ಜನವರಿಯಿಂದ ಬಯಲಿನ ಟೇಬಲುಗಳಿಗೆ ನಾಯಿ ಬಿಡುವ ತೀರ್ಮಾನವನ್ನು ಮಾಲೀಕನಿಗೇ ಬಿಟ್ಟಿದೆ. ಬೇಡವೆನಿಸಿದರೆ ಆಯಾ ಊರಿನ ಆಡಳಿತ ತಡೆಯಬಹುದು. ಹೋಟೆಲಿನ ಒಳಗಿಂದ ಹಾದುಬರದೆ ನಾಯಿಗೆ ಹೊರಗಿಂದಲೇ ದಾರಿ ಇರಬೇಕು, ಬೆಲ್ಟ್ ಬಿಚ್ಚುವಂತಿಲ್ಲ, ಕುರ್ಚಿ ಮೇಲೆ ಕೂರಿಸುವಂತಿಲ್ಲ. ನಾಯಿ ಮುಟ್ಟಿದ ನೌಕರ ಕೈ ತೊಳೆದೇ ಬಡಿಸಬೇಕು. ನಾಯಿಗೆ ಕೊಡುವ ನೀರು, ತಿಂಡಿ ಒಮ್ಮೆ ಬಳಸಿ ಎಸೆಯುವ ಪಾತ್ರೆಯಲ್ಲೇ ಇರಬೇಕು. ಈ ಕೊನೆಯದು ಅಲ್ಲಿಯವರಿಗಿಂತ ನಮಗೇ ಸಲೀಸು: ಅಡಿಕೆ ಹಾಳೆಯ ಬಟ್ಟಲು ನಮ್ಮಲ್ಲಿ ಎಲ್ಲಿ ಸಿಗುವುದಿಲ್ಲ! ಕೆಲಸ ಮುಗಿದ ಮೇಲೆ ನೇರ ಗೊಬ್ಬರದ ಗುಂಡಿಗೆ.

ಇನ್ನು ನಮ್ಮ ಕಡೆಯ ತಾಪತ್ರಯಗಳು. ಜೂನ್ ಬಂತೆಂದರೆ ನೀವು ಅಂಗಳದ ಮೂರೂ ಕಡೆ ತಾಡಪಾಲು ಕಟ್ಟುತ್ತೀರಿ. ಆಮೇಲೆ ಅದು ಅಂಗಳವಲ್ಲ, ಇನ್ನೊಂದು ಕೋಣೆ. ಒದ್ದೆ ನಾಯಿ ಅಲ್ಲಿ ಮೈ ಕೊಡವಿದರೆ ಪಕ್ಕದ ಟೇಬಲಿನ ನೀರ್ದೋಸೆಗೂ ಪಾಲು. ತಾಡಪಾಲು ಇಳಿಸಿದ ದಿನದಿಂದ ಬಿಚ್ಚುವ ತನಕ ನಾಯಿ ಬೇಡ.

ಮಳೆ ಹೋದ ಮೇಲೆ ಉಣುಗಿನ ಕಾಲ. ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ 1957ರಲ್ಲಿ ಮಂಗನ ಕಾಯಿಲೆ ಪತ್ತೆಯಾದಂದಿನಿಂದ ಮಲೆನಾಡಿನವರಿಗೆ ಉಣುಗು ಅಂದರೆ ಎದೆ ಝಲ್ಲೆನ್ನುತ್ತದೆ. ನಾಯಿಯೇ ಆ ಕಾಯಿಲೆ ಹರಡುತ್ತದೆ ಅಂತ ಯಾರೂ ಗಾಬರಿಯಾಗಬೇಡಿ. ಆದರೆ ಕಾಡುದಾರಿಯಲ್ಲಿ ಅಡ್ಡಾಡಿದ ನಾಯಿಯ ಕಿವಿಯ ಮಡಿಕೆಯಲ್ಲಿ, ಕಾಲ್ಬೆರಳ ಸಂದಿಯಲ್ಲಿ ಉಣುಗು ಕಚ್ಚಿಕೊಂಡಿರುತ್ತದೆ. ಕುಂದಾದ್ರಿ ಹತ್ತಿಳಿದು ನೇರ ನಿಮ್ಮಲ್ಲಿಗೆ ಬಂದವರಿಗೆ, ಕಾರಿನ ಹತ್ತಿರವೇ ನಾಯಿಯ ಮೈ ನೋಡಿಕೊಂಡು ಬನ್ನಿ ಅನ್ನಿ. ಸಿಕ್ಕ ಉಣುಗನ್ನು ಬೆರಳಲ್ಲಿ ಹೊಸಕದೆ ಸೋಪಿನ ನೀರಿಗೆ ಹಾಕಲಿ.

ಎಲ್ಲಕ್ಕಿಂತ ದೊಡ್ಡ ರಗಳೆ ಬೀದಿನಾಯಿಯದು. ಉಳಿದ ದೋಸೆ, ಇಡ್ಲಿ ತಿಂದು ನಿಮ್ಮ ಅಂಗಳವನ್ನೇ ಮನೆ ಮಾಡಿಕೊಂಡ ಎರಡು ಮೂರಾದರೂ ಇರುತ್ತವೆ. ಅವುಗಳ ಲೆಕ್ಕದಲ್ಲಿ ಆ ಜಾಗಕ್ಕೆ ಮಾಲೀಕರು ನೀವಲ್ಲ! ಬೆಂಗಳೂರಿನ ಲ್ಯಾಬ್ರಡಾರ್ ಕಾರಿಂದ ಇಳಿದ ಕೂಡಲೇ ಜಗಳ. ಜನ ಬೆಲ್ಟನ್ನು ಪ್ಲಾಸ್ಟಿಕ್ ಕುರ್ಚಿಯ ಕಾಲಿಗೆ ಸುತ್ತಿ ಕಾಫಿಗೆ ಕೂತಿರುತ್ತಾರೆ. ನಾಯಿ ಒಮ್ಮೆ ಹಾರಿದರೆ ಕುರ್ಚಿಯೂ ಹಿಂದೆಯೇ ಹೊರಟಿತು. ಕುರ್ಚಿ ಸದ್ದಿಗೆ ನಾಯಿ ಇನ್ನಷ್ಟು ಬೆದರಿ ರಸ್ತೆಗೇ ನುಗ್ಗುತ್ತದೆ. ಅಲ್ಲಿ ಲಾರಿ. ನೆಲಕ್ಕೆ ಕಾಂಕ್ರೀಟ್ ಹಾಕಿ ಎರಡು ಕಬ್ಬಿಣದ ಬಳೆ ಹುಗಿಸಿಬಿಡಿ, ಖರ್ಚು ಅಷ್ಟೇನಿಲ್ಲ. ಎಂಜಲು ಸುರಿಯುವ ಜಾಗವನ್ನು ಹಿತ್ತಲ ಕಡೆಗೆ ಬದಲಾಯಿಸಿ.

ಸಪ್ಲೈಯರ್ ಹುಡುಗರಿಗೆ ಒಂದು ಮಾತು: ಮುದ್ದು ಬಂತೆಂದು ಮಸಾಲೆದೋಸೆಯ ಪಲ್ಯ ಹಾಕಬಾರದು. ಈರುಳ್ಳಿ ನಾಯಿಯ ರಕ್ತಕಣಗಳನ್ನೇ ಒಡೆಯುತ್ತದೆ. ಬೇಯಿಸಿದ ಕೋಳಿ ಮೂಳೆಯೂ ಬೇಡ, ಚೂರಾಗಿ ಕರುಳಿಗೆ ಚುಚ್ಚುತ್ತದೆ. ಉಪ್ಪಿಲ್ಲದ ಅನ್ನ ಒಂದು ಹಿಡಿ ಸಾಕು.

ಪ್ರಶ್ನೆ: ನನ್ನ ಮಗಳಿಗೆ ನಾಯಿ ಕಂಡರೆ ಆಗುವುದಿಲ್ಲ. ತಿಂಡಿ ಹೇಳಿ ಕೂತ ಮೇಲೆ ಪಕ್ಕದ ಟೇಬಲಿಗೆ ಯಾರೋ ದೊಡ್ಡ ನಾಯಿ ತಂದರು. ಅರ್ಧಕ್ಕೇ ಎದ್ದು ಬಂದೆವು. ಮಾಲೀಕರ ಸ್ವಾತಂತ್ರ್ಯ ಸರಿ, ನಮ್ಮದು?
– ಗೃಹಿಣಿ, ಸಾಗರ

ಉತ್ತರ: ನೀವು ಎದ್ದು ಬರಬೇಕಾದ ಸ್ಥಿತಿ ಬರಬಾರದಿತ್ತು, ತಾಯಿ. ನಾಯಿ ಬಿಡುವ ಹೋಟೆಲು ಅದನ್ನು ಗಾಡಿ ನಿಲ್ಲಿಸುವ ಜಾಗದಲ್ಲೇ, ದೊಡ್ಡ ಅಕ್ಷರದಲ್ಲಿ, ಬೋರ್ಡ್ ಹಾಕಿ ಹೇಳಬೇಕು. ಗಲ್ಲಾದ ಹಿಂದೆ ದೇವರ ಫೋಟೊ ಪಕ್ಕ ಚೀಟಿ ಅಂಟಿಸಿದರೆ ಯಾರಿಗೆ ಕಾಣುತ್ತದೆ? ಒಳಗಿನ ಟೇಬಲುಗಳಿಗೆ ನಾಯಿ ಬರಲೇಕೂಡದು. ಆಗ ನೀವು ಒಳಗೆ, ಅವರು ಹೊರಗೆ. ಒಳಗೆ ಜಾಗವೇ ಇಲ್ಲದ, ಬರೀ ಅಂಗಳದ ಹೋಟೆಲಾದರೆ ನಾಯಿ ಬಿಡಬಾರದು ಅಂತಲೇ ನಾನು ಹೇಳುವುದು. ಮೇಲಿನ ಮಾಲೀಕರೂ ಓದಿಕೊಳ್ಳಲಿ.

ಪ್ರಶ್ನೆ: ನಮ್ಮ ಹೋಟೆಲಿನ ಬೆಕ್ಕು ಅಕ್ಕಿ ಮೂಟೆ ಮೇಲೆ ಮಲಗುತ್ತದೆ, ಇಲಿ ಹಿಡಿಯುತ್ತದೆ. ಅದಕ್ಕೂ ಇದೇ ನಿಯಮವೇ?
– ಓದುಗರು, ಹೊಸನಗರ

ಉತ್ತರ: ಹೌದು, ಅದಕ್ಕೂ ಇದೇ. ಅಕ್ಕಿಗೆ ಮುಚ್ಚಳವಿರುವ ಡ್ರಮ್ಮು ತನ್ನಿ, ಇಲಿಗೆ ಬೋನು ಇಡಿ, ಬೆಕ್ಕನ್ನು ಮನೆಗೆ ಒಯ್ಯಿರಿ. ಒಯ್ಯುವಾಗ ಹಾಗೇ ಪಶು ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಿ. ಬೆಕ್ಕಿಗೂ ಅದು ಬೇಕು.