ಸೆಲ್ ಅಂದ್ರೆ ಯಾವ ಸೆಲ್, ಮೇಷ್ಟ್ರೇ?

ಓದುಗರ ಪತ್ರ:
ಮಾನ್ಯ ಸಂಪಾದಕರೇ, ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಹೇಳಿಕೊಟ್ಟವನು. ಒಮ್ಮೆ ಪರೀಕ್ಷೆಯಲ್ಲಿ 'ಸೆಲ್ ಎಂದರೇನು?' ಎಂದು ಕೇಳಿದ್ದೆ. 'ಸೆಲ್‌ಗೆ ಒಂದು ಧನ ತುದಿ, ಒಂದು ಋಣ ತುದಿ ಇರುತ್ತವೆ' ಎಂದು ಒಬ್ಬ ಹುಡುಗ ಬರೆದ. ಸೊನ್ನೆ ಕೊಟ್ಟೆ. ಆದರೆ ತಪ್ಪು ಅವನದಲ್ಲ, ಇಂಗ್ಲಿಷಿನದು. ಜೈಲಿನ ಕೋಣೆ ಸೆಲ್, ಟಾರ್ಚಿಗೆ ಹಾಕುವುದು ಸೆಲ್, ಜೇಬಿನ ಫೋನು ಸೆಲ್, ಮೈಯೊಳಗಿರುವುದೂ ಸೆಲ್. ಇದು ಭಾಷೆಯ ಬಡತನವಲ್ಲದೆ ಇನ್ನೇನು? ನಮ್ಮ 'ಜೀವಕೋಶ'ದಲ್ಲಿ ಇಂಥ ಗೊಂದಲವೇ ಇಲ್ಲ. ನಿಮ್ಮ ಕಳೆದ ಸಂಚಿಕೆಯೊಂದರಲ್ಲೇ 'ಸೆಲ್' ಮೂರು ಅರ್ಥದಲ್ಲಿ ಬಂದಿದೆ. ಒಂದು ಶಾಸ್ತ್ರಕ್ಕೆ ಒಂದು ಪದ ಎಂದು ದಯವಿಟ್ಟು ನಿಯಮ ಮಾಡಿ.
– ಒಬ್ಬ ನಿವೃತ್ತ ಶಿಕ್ಷಕ (ಹೆಸರು ಬೇಡ ಎಂದಿದ್ದಾರೆ)

ಸಂಪಾದಕರ ಉತ್ತರ:
ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ತಲೆಯಾಡಿಸಿದೆ. ಎರಡನೇ ಸಲ ಓದುವಾಗ ಜಗಳ ಆಡಲೇಬೇಕು ಅನ್ನಿಸಿತು. ತಪ್ಪು ಇಂಗ್ಲಿಷಿನದು, ಸೊನ್ನೆ ಮಾತ್ರ ಹುಡುಗನಿಗೆ! ಇದು ಯಾವ ನ್ಯಾಯ?

ಒಪ್ಪಬೇಕಾದ್ದನ್ನು ಮೊದಲು ಒಪ್ಪಿಬಿಡುತ್ತೇನೆ. ಕರಾರುಪತ್ರದಲ್ಲಿ, ಔಷಧದ ಚೀಟಿಯಲ್ಲಿ ಒಂದು ಪದಕ್ಕೆ ಒಂದೇ ಅರ್ಥ ಇರಬೇಕು. ಅಲ್ಲಿ ಗೊಂದಲವಾದರೆ ಯಾರಿಗೋ ಪೆಟ್ಟು ಬೀಳುತ್ತದೆ. ನಮ್ಮಲ್ಲೇ ಒಮ್ಮೆ ಅನುವಾದಗೊಂಡ ಲೇಖನವೊಂದು ಬಂದಿತ್ತು. 'ಕೈದಿಯನ್ನು ಆರು ತಿಂಗಳು ಏಕಾಂತ ಜೀವಕೋಶದಲ್ಲಿ ಇರಿಸಲಾಗಿತ್ತು' ಅಂತ ಅದರಲ್ಲಿತ್ತು. ಅಚ್ಚಿಗೆ ಹೋಗುವ ಹಿಂದಿನ ಸಂಜೆ ಕಣ್ಣಿಗೆ ಬಿತ್ತು. ನಕ್ಕೆವು, ತಿದ್ದಿದೆವು. ಆದರೆ ಆ ತಪ್ಪು ಪದದ್ದಾ? ಅನುವಾದ ಮಾಡಿದವರು ವಾಕ್ಯವನ್ನು ನೋಡಲಿಲ್ಲ, ಪದವನ್ನಷ್ಟೇ ನೋಡಿದರು. ಯಂತ್ರ ಮಾಡಿದ್ದರೂ ಅಷ್ಟೇ, ಮನುಷ್ಯ ಮಾಡಿದ್ದರೂ ಅಷ್ಟೇ.

ಇನ್ನು ಜಗಳಕ್ಕೆ ಬರೋಣ. ಸೆಲ್‌ನ ತಾಯಿ ಲ್ಯಾಟಿನ್ನಿನ 'ಸೆಲ್ಲಾ'. ಅಂದರೆ ಸಣ್ಣ ಕೋಣೆ, ಉಗ್ರಾಣ. ಅಷ್ಟೇ. ಸನ್ಯಾಸಿ ಕೂರುವ ಕೋಣೆ, ಕೈದಿ ಕೊಳೆಯುವ ಕೋಣೆ, ಜೇನುಹುಳ ಕಟ್ಟುವ ಕೋಣೆ. ಸುತ್ತ ಗೋಡೆ, ಒಳಗೆ ಒಂದಿಷ್ಟು ಜಾಗ, ಪಕ್ಕದಲ್ಲಿ ಅಂಥದ್ದೇ ಇನ್ನೊಂದು. ಈ ಚಿತ್ರ ಮನಸ್ಸಿನಲ್ಲಿದ್ದರೆ ನೀವು ಪಟ್ಟಿ ಮಾಡಿದ ಸೆಲ್‌ಗಳೆಲ್ಲ ಒಂದೇ ಮನೆಯವು ಅಂತ ತಾನಾಗಿ ಗೊತ್ತಾಗುತ್ತದೆ.

ನಿಮ್ಮ ಶಾಸ್ತ್ರದ ಕಥೆ ನಿಮಗೆ ಹೇಳುವುದು ಅಧಿಕಪ್ರಸಂಗ. ಆದರೂ ಹೇಳುತ್ತೇನೆ. ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಕಾರ್ಕಿನ ತೆಳುವಾದ ಚೂರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದ. 1665ರಲ್ಲಿ ಅಚ್ಚಾದ ತನ್ನ 'ಮೈಕ್ರೋಗ್ರಾಫಿಯಾ'ದಲ್ಲಿ ಅದನ್ನು ಜೇನುಗೂಡಿಗೆ ಹೋಲಿಸಿದ. ಒಂದು ಘನ ಅಂಗುಲದಲ್ಲಿ ಇಂಥ ಕೋಣೆಗಳು ಸುಮಾರು 120 ಕೋಟಿ ಇರಬಹುದು ಎಂದು ಲೆಕ್ಕ ಹಾಕಿದ. ತಮಾಷೆ ಏನು ಗೊತ್ತಾ? ಅವನು ಕಂಡದ್ದು ಸತ್ತ ತೊಗಟೆಯ ಖಾಲಿ ಗೋಡೆಗಳನ್ನು. ಒಳಗೆ ಜೀವದ ಸುಳಿವೇ ಇರಲಿಲ್ಲ. ಜೀವದ ಮೂಲ ಘಟಕಕ್ಕೆ ಹೆಸರು ಬಂದದ್ದು ಖಾಲಿ ಮನೆಯಿಂದ! ಅವನೇನಾದರೂ ಸಮಿತಿ ಕೂರಿಸಿ 'ಜೀವ' ಸೇರಿಸಿದ ಹೊಸ ಪದಕ್ಕಾಗಿ ಕಾದಿದ್ದರೆ ನಮಗೆ ಈ ಹೆಸರು ಸಿಗುತ್ತಲೇ ಇರಲಿಲ್ಲ. ಕಣ್ಣಿಗೆ ಕೋಣೆ ಕಂಡಿತು, ಕೋಣೆ ಅಂದ.

ಫೋನಿನ ಸೆಲ್ ಇನ್ನೂ ಚೆಂದ. ಜಾಸ್ತಿ ಜನ ಕೈಲಿರುವ ಯಂತ್ರವೇ ಸೆಲ್ ಅಂದುಕೊಂಡಿದ್ದಾರೆ. ಅಲ್ಲ. ಒಂದು ಗೋಪುರ ನೋಡಿಕೊಳ್ಳುವ ಜಾಗಕ್ಕೆ ಸೆಲ್ ಅಂತ ಹೆಸರು. 1947ರಲ್ಲಿ ಬೆಲ್ ಲ್ಯಾಬ್ಸ್ ಎಂಬ ಅಮೆರಿಕದ ಸಂಶೋಧನಾ ಸಂಸ್ಥೆಯ ಎಂಜಿನಿಯರು ಡಗ್ಲಸ್ ರಿಂಗ್ ಒಂದು ಟಿಪ್ಪಣಿ ಬರೆದರು. ಊರನ್ನು ಆರು ಮೂಲೆಯ ಸಣ್ಣ ಸಣ್ಣ ತುಂಡುಗಳಾಗಿ ಹಂಚಿಕೊಂಡರೆ, ಒಂದು ತುಂಡಿನಲ್ಲಿ ಬಳಸಿದ ತರಂಗಾಂತರವನ್ನೇ ದೂರದ ಇನ್ನೊಂದು ತುಂಡಿನಲ್ಲಿ ಮತ್ತೆ ಬಳಸಬಹುದು ಎಂಬುದು ಅದರ ಸಾರ. ಆರು ಮೂಲೆ ಯಾಕೆ? ಸಂದಿ ಬಿಡದೆ ನೆಲ ತುಂಬುವ ಆಕಾರಗಳಲ್ಲಿ ವೃತ್ತಕ್ಕೆ ಹತ್ತಿರದ್ದು ಅದೇ. ಮತ್ತೆ ಜೇನುಗೂಡಿಗೇ ಬಂದೆವು, ಅಲ್ವಾ? ಹುಕ್ ಕಾರ್ಕಿನಲ್ಲಿ ಕಂಡ ಚಿತ್ರವನ್ನೇ ಈ ಎಂಜಿನಿಯರು ನಕ್ಷೆಯ ಮೇಲೆ ಬರೆದರು. ಎಕ್ಸೆಲ್ ಹಾಳೆಯ ಚೌಕವೂ ಸೆಲ್ಲೇ. ಒಂದೇ ಹಾಳೆಯಲ್ಲಿ 1,717 ಕೋಟಿಗೂ ಹೆಚ್ಚು ಕೋಣೆಗಳಿವೆ. ನಮ್ಮ ಲೆಕ್ಕಪತ್ರಕ್ಕೆ ಅದರಲ್ಲಿ ಇನ್ನೂರು ಸಾಕು!

ಟಾರ್ಚಿನ ವಿಷಯದಲ್ಲಿ ನಾವೂ ಕಮ್ಮಿ ಇಲ್ಲ. ನಾವು ಟಾರ್ಚನ್ನೇ 'ಬ್ಯಾಟರಿ' ಅನ್ನುತ್ತೇವೆ, ಅದರೊಳಗೆ 'ಶೆಲ್ಲು' ಹಾಕುತ್ತೇವೆ. ನಿಜಕ್ಕೂ ಬ್ಯಾಟರಿ ಅಂದರೆ ಸೆಲ್‌ಗಳ ಸಾಲು. ಒಂಬತ್ತು ವೋಲ್ಟಿನ ಚೌಕದ ಬ್ಯಾಟರಿಯ ಒಳಗೆ ಒಂದೂವರೆ ವೋಲ್ಟಿನ ಆರು ಸೆಲ್ ಇರುತ್ತವೆ. ಈ ಸಾಲಿನ ಹೆಸರನ್ನು ಬೆಂಜಮಿನ್ ಫ್ರಾಂಕ್ಲಿನ್ 1740ರ ದಶಕದ ಕೊನೆಯಲ್ಲಿ ತಂದದ್ದು ಫಿರಂಗಿ ಸಾಲಿನಿಂದ. ಇಂಗ್ಲಿಷ್ ಕಾನೂನಿನಲ್ಲಾದರೆ ಬ್ಯಾಟರಿ ಅಂದರೆ ಇನ್ನೊಬ್ಬರ ಮೈಮೇಲೆ ಕೈ ಮಾಡುವುದು. ಹೊಡೆಯುವುದು ಎಂಬ ಮೂಲದಿಂದ ಎಲ್ಲವೂ ಕವಲೊಡೆದಿವೆ.

ಈಗ ನಿಮ್ಮ 'ಜೀವಕೋಶ'. ಅದರಲ್ಲಿ ಗೊಂದಲವೇ ಇಲ್ಲ ಅಂದಿರಿ. ಕೋಶ ಎಂದರೆ ರಾಜನ ಬೊಕ್ಕಸ. ಕತ್ತಿಯ ಒರೆಯೂ ಕೋಶ. ಶಬ್ದಕೋಶ, ವಿಶ್ವಕೋಶ, ಮೂತ್ರಕೋಶ, ಗರ್ಭಕೋಶ. ಆತ್ಮಕ್ಕೂ ಐದು ಕೋಶ ಹೊದಿಸಿದ್ದಾರೆ ಹಿರಿಯರು, ಅನ್ನಮಯದಿಂದ ಹಿಡಿದು. 'ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಜೀವಕೋಶಗಳಿವೆ' ಅಂತ ನೀವೇ ತರಗತಿಯಲ್ಲಿ ಹೇಳಿರುತ್ತೀರಿ. ಕೋಶದೊಳಗೆ ಕೋಶ! ಅರ್ಥವಾಗದಿದ್ದರೆ ಪದಕೋಶ ನೋಡು ಅಂತಲೂ ಹೇಳಿರುತ್ತೀರಿ. ಇಂಗ್ಲಿಷ್ ಮಾಡಿದರೆ ಬಡತನ, ನಾವು ಮಾಡಿದರೆ ಸಿರಿತನವಾ ಮೇಷ್ಟ್ರೇ? ನಮ್ಮ 'ಗೂಡು' ನೋಡಿ. ಹಕ್ಕಿಗೂಡು, ಜೇನುಗೂಡು, ಎದೆಗೂಡು, ಗೋಡೆಯಲ್ಲಿ ದೀಪ ಇಡುವ ಗೂಡು. ಯಾರಾದರೂ ಎಂದಾದರೂ ಗಲಿಬಿಲಿಗೊಂಡಿದ್ದಾರಾ? ಸೆಲ್‌ಗೆ 'ಗೂಡು' ಅಂದಿದ್ದರೆ ಏನು ಕಡಿಮೆಯಾಗುತ್ತಿತ್ತು ಅಂತ ನಾನು ಆಗಾಗ ಯೋಚಿಸುತ್ತೇನೆ. ಈ ಮಾತು ಎತ್ತಿದಾಗಲೆಲ್ಲ ನಮ್ಮ ಕಚೇರಿಯಲ್ಲಿ ಎಲ್ಲರೂ ಕಾಫಿಗೆ ಎದ್ದು ಹೋಗುತ್ತಾರೆ.

ಒಂದು ಶಾಸ್ತ್ರದ ಪದ ಇನ್ನೊಂದಕ್ಕೆ ಹೋಗಬಾರದು ಅನ್ನುವವರಿಗೆ ನಾನು ಭೌತವಿಜ್ಞಾನಿ ಒಟ್ಟೋ ಫ್ರಿಶ್ ಕಥೆ ಹೇಳುತ್ತೇನೆ. 1939ರ ಆರಂಭ. ಯುರೇನಿಯಂ ಪರಮಾಣುವಿನ ಬೀಜ ಎರಡಾಗಿ ಸೀಳುತ್ತದೆ ಎಂದು ಅವರಿಗೂ ಅವರ ಚಿಕ್ಕಮ್ಮ ಲೀಸಾ ಮೈಟ್ನರ್ ಅವರಿಗೂ ಹೊಳೆದಿತ್ತು. ಇದಕ್ಕೆ ಏನೆಂದು ಹೆಸರಿಡುವುದು? ಕೋಪನ್‌ಹೇಗನ್‌ನಲ್ಲಿ ಆಗ ವಿಲಿಯಂ ಆರ್ನಲ್ಡ್ ಎಂಬ ಅಮೆರಿಕದ ಜೀವವಿಜ್ಞಾನಿ ಇದ್ದರು. ಒಂದು ಸೆಲ್ ಎರಡಾಗುವುದಕ್ಕೆ ನೀವು ಏನನ್ನುತ್ತೀರಿ ಅಂತ ಫ್ರಿಶ್ ಕೇಳಿದರು. 'ಫಿಶನ್', ಅಂದರೆ ಸೀಳುವಿಕೆ, ಅಂತ ಉತ್ತರ ಬಂತು. ಅದೇ ಹೆಸರಾಯಿತು. ಸೀಳುವ ಆ ಬೀಜದ ಇಂಗ್ಲಿಷ್ ಹೆಸರು 'ನ್ಯೂಕ್ಲಿಯಸ್' ಕೂಡ ಹಾಗೇ. ಭೌತಶಾಸ್ತ್ರಕ್ಕೆ ಬರುವ ಮೊದಲೇ ಅದು ಸೆಲ್‌ನ ಒಳಗಿತ್ತು, ಅದಕ್ಕೂ ಮೊದಲು ಲ್ಯಾಟಿನ್ನಿನಲ್ಲಿ ಬರೀ ಕಾಯಿಯೊಳಗಿನ ತಿರುಳಾಗಿತ್ತು. ನಿಮ್ಮ ನಿಯಮ ಆಗ ಇದ್ದಿದ್ದರೆ ಫ್ರಿಶ್ ಪಕ್ಕದ ಕೋಣೆಯ ಬಾಗಿಲನ್ನೇ ತಟ್ಟುತ್ತಿರಲಿಲ್ಲ.

ನನ್ನ ಸಿಟ್ಟು ಇಲ್ಲೇ ಇರುವುದು. ನಾವು ಮಕ್ಕಳಿಗೆ ವ್ಯಾಖ್ಯೆ ಕೊಡುತ್ತೇವೆ, ಚಿತ್ರ ಕೊಡುವುದಿಲ್ಲ. 'ಜೀವಿಗಳ ರಚನೆಯ ಹಾಗೂ ಕಾರ್ಯದ ಮೂಲ ಘಟಕ' ಅಂತ ಬಾಯಿಪಾಠ ಮಾಡಿಸುತ್ತೇವೆ. ಇದು ಒಂದು ಕೋಣೆ ಕಣೋ ಅಂತ ಹೇಳುವುದಿಲ್ಲ. ಭೌತಶಾಸ್ತ್ರದ ಪಿರಿಯಡ್ಡಿನಲ್ಲಿ ಅದೇ ಸೆಲ್ ಬಂದಾಗ ಅವರು ಅವರ ವ್ಯಾಖ್ಯೆ ಕೊಡುತ್ತಾರೆ. ಇಬ್ಬರು ಮೇಷ್ಟ್ರು ಒಂದೇ ಸ್ಟಾಫ್ ರೂಮಿನಲ್ಲಿ ಕೂತು ಟೀ ಕುಡಿಯುತ್ತಾರೆ, ಈ ವಿಷಯ ಮಾತ್ರ ಮಾತಾಡುವುದಿಲ್ಲ. ಪರಿಭಾಷೆ ಪಟ್ಟಿ ಮಾಡುವವರೂ ಹೀಗೇ. ಎಡಗಡೆ ಇಂಗ್ಲಿಷು, ಬಲಗಡೆ ಸಂಸ್ಕೃತ, ನಡುವೆ ಒಂದು ಗೆರೆ. ಆ ಪದ ಎಲ್ಲಿಂದ ಬಂತು, ಏನನ್ನು ನೋಡಿ ಇಟ್ಟರು ಅನ್ನುವುದಕ್ಕೆ ಪಟ್ಟಿಯಲ್ಲಿ ಜಾಗವೇ ಇಲ್ಲ. ಸಂಪಾದಕರಾದ ನಾವೂ ಸಾಚಾಗಳಲ್ಲ. ಬಂದ ಪಟ್ಟಿಯನ್ನು ಕಣ್ಣು ಮುಚ್ಚಿ ಅಚ್ಚು ಹಾಕಿದ್ದೇವೆ.

ನಿಮ್ಮ ನಿಯಮವನ್ನು ನಾನು ಮಾಡುವುದಿಲ್ಲ, ಕ್ಷಮಿಸಿ. ಇಷ್ಟು ಮಾಡುತ್ತೇನೆ: ಒಂದು ಲೇಖನದಲ್ಲಿ ಸೆಲ್ ಮೊದಲ ಸಲ ಬಂದಾಗ ಯಾವ ಸೆಲ್ ಎಂದು ತಿಳಿಯುವ ಹಾಗೆ ವಾಕ್ಯ ಬರೆಸುತ್ತೇನೆ.

ಉಳಿದದ್ದು ಆ ಹುಡುಗನ ಸೊನ್ನೆ. 1800ರಲ್ಲಿ ಇಟಲಿಯ ವಿಜ್ಞಾನಿ ವೋಲ್ಟಾ ಲೋಹದ ಬಿಲ್ಲೆಗಳನ್ನು ಪೇರಿಸಿ ಮಾಡಿದ ತನ್ನ ಮೊದಲ ಬ್ಯಾಟರಿಯನ್ನು ಜಗತ್ತಿಗೆ ತಿಳಿಸಿದಾಗ ಅದನ್ನು ಹೋಲಿಸಿದ್ದು ಶಾಕ್ ಹೊಡೆಯುವ ಟಾರ್ಪಿಡೊ ಮೀನಿನ ಅಂಗಕ್ಕೆ. ಎಲೆಕ್ಟ್ರಿಕ್ ಈಲ್ ಎಂಬ ಮೀನಿನ ಮೈಯಲ್ಲಿ ಸಾವಿರಾರು ಜೀವಕೋಶಗಳು ಬ್ಯಾಟರಿಯ ಹಾಗೇ ಸಾಲಾಗಿ ಜೋಡಿಸಿಕೊಂಡಿವೆ. ಮೀನು ಶಾಕ್ ಹೊಡೆಯುವಾಗ ಪ್ರತಿ ಕೋಶದ ಒಂದು ಮಗ್ಗುಲು ಧನ, ಇನ್ನೊಂದು ಮಗ್ಗುಲು ಋಣ. ಒಂದೊಂದರದ್ದು ವೋಲ್ಟಿನ ಒಂದು ಚೂರು ಮಾತ್ರ. ಸಾಲಾಗಿ ಸೇರಿದಾಗ 860 ವೋಲ್ಟ್‌ವರೆಗೆ ಅಳೆದಿದ್ದಾರೆ. ಅಷ್ಟು ವೋಲ್ಟ್ ಹೊಡೆದ ಈಲ್ ಪ್ರಭೇದಕ್ಕೆ 2019ರಲ್ಲಿ ವೋಲ್ಟಾನ ಹೆಸರನ್ನೇ ಇಟ್ಟರು. ಹುಡುಗ ಇದನ್ನೆಲ್ಲ ಯೋಚಿಸಿ ಬರೆದಿರಲಿಕ್ಕಿಲ್ಲ, ನನಗೂ ಗೊತ್ತು. ಆದರೂ ಆ ಉತ್ತರಪತ್ರಿಕೆ ನಿಮ್ಮ ಹತ್ತಿರ ಇನ್ನೂ ಇದ್ದರೆ, ಅರ್ಧ ಅಂಕ ಕೊಡಿ ಮೇಷ್ಟ್ರೇ.